ಯಾರ ಮೇಲೆ ನಿಂತು ಹಾಡಲಿ

ಓಜುರ್ಗೇತಿಯ ಹಳೆಯ ಚಹಾ ಕಾರ್ಖಾನೆ.
ಎಲೆ ಒಣಗಿಸುತ್ತಿದ್ದ ಹಜಾರದಲ್ಲಿ ಈಗ
ಹನ್ನೊಂದು ಸ್ಪೀಕರು, ಒಂದು ಕಬ್ಬಿಣದ ಒಲೆ,
ನೆಲದ ಮೇಲೆ ಲಮಾರಾ ಬಳಪದಲ್ಲಿ ಎಳೆದ ಮೂರು ಗೆರೆ,
ಮುಟ್ಟಿಯೂ ಮುಟ್ಟದೆ, ಅಲ್ಲಲ್ಲಿ ಓರೆಯಾಗಿ
ಹೊಸ್ತಿಲವರೆಗೆ ಹೋಗಿ ನಿಂತುಬಿಟ್ಟವು.

"ಇದನ್ನು ಯಂತ್ರಕ್ಕೆ ಹೇಳು" ಅಂದಳು.
"ಇದೇನು?" ಅಂದೆ.
"ಗೊತ್ತಿದ್ದರೆ ನಿನ್ನನ್ನೇಕೆ ಕರೆಸುತ್ತಿದ್ದೆ?"

ತ್ಬಿಲಿಸಿಯಿಂದ ರಾತ್ರಿ ರೈಲಿನಲ್ಲಿ ಬಂದಿದ್ದೆ,
ಚೀಲದ ತುಂಬ ತಂತಿ, ತಲೆಯ ತುಂಬ ಖಾತರಿ:
ಮೂರು ದನಿಯ ಹಾಡು ತಾನೇ,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ಒಂದೊಂದನ್ನೇ ಎಳೆದು ಬೇರೆ ಬೇರೆ ಡಬ್ಬಿಗೆ ಹಾಕಿದರಾಯಿತು.

ಮೊದಲು ಕಾರ್ಲೋನನ್ನು ಕರೆದೆ. ಎಂಬತ್ತೊಂದು ವರ್ಷ.
ಮೇಲಿನ ದನಿ ಅವನದು, ಹುಂಜ ಬೇಲಿ ಹಾರಿದಂಥ ದನಿ.
ಗಾಜಿನ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ
ಕೆಂಪು ದೀಪ ಹಾಕಿದೆ.
ಬಾಯಿ ತೆರೆದ. ಮುಚ್ಚಿದ. ಟೋಪಿ ತೆಗೆದ.
"ಯಾರ ಮೇಲೆ ನಿಂತು ಹಾಡಲಿ?" ಅಂದ.

ಸರಿ ಅಂತ, ವರ್ಲಾಮನ ಮಂದ್ರವನ್ನು
ಹೆಡ್‌ಫೋನಿನಲ್ಲಿ ಅವನ ಕಿವಿಗೆ ಸುರಿದೆ.
ಹಾಡಿದ, ಪಾಪ, ನಾಲ್ಕು ಸಾಲು.
ಆಮೇಲೆ ಅದನ್ನು ಕಿತ್ತು ಮೇಜಿನ ಮೇಲಿಟ್ಟು
ಗಾಜಿನಾಚೆ ಸಿಗರೇಟು ಸೇದುತ್ತಿದ್ದ ವರ್ಲಾಮನನ್ನೇ ನೋಡುತ್ತ:
"ಇವನು ನನ್ನನ್ನು ಕೇಳಿಸಿಕೊಳ್ಳುತ್ತಿಲ್ಲ.
ನಾನು ಹತ್ತುವಾಗ ಜಾಗ ಬಿಡುತ್ತಿಲ್ಲ.
ಐವತ್ತು ವರ್ಷದಲ್ಲಿ ಒಮ್ಮೆಯೂ ಹೀಗೆ ಮಾಡಿದವನಲ್ಲ."

ಆಮೇಲಿನ ಎರಡು ವಾರ
ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು.
ನಾನು ಸೋರಿಕೆ ಅಂದದ್ದನ್ನು ಅವಳು ಸಹವಾಸ ಅಂದಳು.
ನಾನು ಅಳಿಸಿದ ಕೆಮ್ಮನ್ನು, ಕುರ್ಚಿಯ ಕಿರುಗುಟ್ಟನ್ನು
ಕಸದಿಂದ ಹೆಕ್ಕಿ ತಂದಳು.
ನನಗೋ ಅವಳ ಬಳಪ ಕಂಡರೆ ಸಿಟ್ಟು:
ಆ ಪುಡಿ ಫ್ಯಾನಿಗೆ ಹೋದರೆ ಯಂತ್ರ ಸಾಯುತ್ತದೆ ಮಾರಾಯ್ತಿ!
ಒಮ್ಮೆ ಇಡೀ ದಿನ ಮಾತಾಡದೆ
ಒಂದೇ ಒಲೆಗೆ ಸರದಿಯಲ್ಲಿ ಸೌದೆ ಹಾಕಿದೆವು.

ಕೊನೆಗೆ ಮೂವರನ್ನೂ ಒಂದೇ ಮೇಜಿಗೆ ಕೂರಿಸಿದ್ದು
ಅಂಜೋರನ ಹೆಂಡತಿ. ಜೋಳದ ರೊಟ್ಟಿ, ಉಪ್ಪಿನ ಗಿಣ್ಣು,
ಹೂಜಿಯಲ್ಲಿ ಕಪ್ಪು ದ್ರಾಕ್ಷಾರಸ.
ಗಡ್ಡ ತಪ್ಪಿಸಿ, ಗುಂಡಿಯಷ್ಟು ಮೈಕು ಗಂಟಲಿಗೆ ಅಂಟಿಸಿದೆ.
ಅಂಜೋರ್ ನಡುವಿನ ದನಿ ಎತ್ತಿದ;
ವರ್ಲಾಮ್ ಕೆಳಗೆ ನೆಲ ಹಾಸಿದ, ಆ ನೆಲವೂ ನಡೆಯುತ್ತಿತ್ತು;
ಕಾರ್ಲೋ ಬೇಲಿ ಹಾರಿದ.
ಪರದೆಯ ಮೇಲೆ ನೋಡಿದೆ: ಒಬ್ಬನ ಗಂಟಲಿನಲ್ಲಿ
ಉಳಿದಿಬ್ಬರೂ ನಡುಗುತ್ತಿದ್ದರು.
ಹತ್ತುವ ಮುನ್ನ ಕಾರ್ಲೋ ಉಸಿರೆಳೆದರೆ
ವರ್ಲಾಮನ ಗೆರೆ ಒಂದಿಷ್ಟು ತಡೆಯುತ್ತಿತ್ತು,
ಓಣಿಯಲ್ಲಿ ಎದುರಾದವರಿಗೆ ಮೈ ಓರೆ ಮಾಡಿದಂತೆ.
ಆಗ ನೆಲ ನೋಡಿದೆ.
ನನ್ನ ಬೂಟು ಅರ್ಧ ಅಳಿಸಿದ್ದ ಬಳಪದ ಗೆರೆಗಳೂ
ಅಲ್ಲಲ್ಲೇ ಮೈ ಓರೆ ಮಾಡಿದ್ದವು.

"ಕಾಯಲಿ" ಅಂದಳು ಅವಳು. ಎಷ್ಟು ಅಂತ ನಾನು ಬರೆದೆ:
ನಲವತ್ತು ಮಿಲಿಸೆಕೆಂಡು.
ಸ್ಪೀಕರಿಗೂ ಒಂದೊಂದು ಕಿವಿ ಕಟ್ಟಿದೆವು.
ಕಾರ್ಲೋ ಒಬ್ಬನೇ ಬಂದು ಎರಡು ಡಬ್ಬಿಗಳ ನಡುವೆ ನಿಂತು
ಹತ್ತಿದ, ಇಳಿದ, ಬೇಕೆಂದೇ ಕಾಲು ತಪ್ಪಿಸಿದ.
ಡಬ್ಬಿಗಳು ಜಾಗ ಬಿಟ್ಟವು.
"ಪರವಾಗಿಲ್ಲ. ಆದರೆ ಇವು ಕುಡಿದಿಲ್ಲ"
ಅಂದು ಟೋಪಿ ಹಾಕಿಕೊಂಡ.

ಈಗ ನನ್ನೆದುರು ದುಡ್ಡು ಕೊಟ್ಟ ಸಂಸ್ಥೆಯ ನಮೂನೆ:
ಕಲಾವಿದರ ಪಾಲು ಶೇಕಡಾ ಎಷ್ಟು, ತಂತ್ರಜ್ಞರದೆಷ್ಟು,
ಕೂಡಿದರೆ ನೂರಾಗಬೇಕು.
ಕಾರ್ಲೋನ ಉಸಿರನ್ನು ಎಲ್ಲಿ ಬರೆಯಲಿ?
ಅಂಜೋರನ ಹೆಂಡತಿಗೆ ಕಾಲಮ್ಮೇ ಇಲ್ಲ.
ಖಾಲಿ ಬಿಟ್ಟು ಕೋಡ್ ತೆರೆದೆ, ಬೆಳಗಿನ ನಾಲ್ಕಕ್ಕೆ.
ಲಮಾರಾ ಒಲೆಯ ಪಕ್ಕ
ತಂತಿಸುರುಳಿಗೆ ತಲೆಯಿಟ್ಟು ಮಲಗಿದ್ದಾಳೆ.

ನಾನು ಬರೆದ ನಲವತ್ತು
ಯಾವಾಗಲೋ ಐವತ್ತೇಳಾಗಿದೆ.
ಕೀಲಿಮಣೆಯ ಎರಡು ಗುಂಡಿಗಳ ಮೇಲೆ ಬಿಳಿ ಪುಡಿ.
ಊದಲೆಂದು ಬಾಗಿ
ಉಸಿರು ಹಿಡಿದೆ.